ಗೂಡ್ಸ್ ಗಾಡಿಯಲ್ಲಿ ಚಿಗರಿ ನೋಡಲು ಹೋದದ್ದು

ನಾನು ಐದನೇ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯವರು ಮಕ್ಕಳನ್ನೆಲ್ಲ ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಚಿಗರಿ ತೋರಿಸಲು ಕರೆದುಕೊಂಡು ಹೋದರು, ನನ್ನನ್ನೊಬ್ಬಳನ್ನು ಬಿಟ್ಟು. "ಅಲ್ಲೆ ಭಾಳ ನಡೀಬೇಕಾಗ್ತದವಾ, ನಿಂಗ ಆಗೂದಿಲ್ಲ" ಎಂದು ನಮಗೆ ಕಲಿಸುವ ಬಾಯಾರು ನನ್ನ ತಲೆ ಸವರಿ, ಕೈಗೆ ಎರಡು ಪೆಪ್ಪರಮೆಂಟು ಇಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪೆಪ್ಪರಮೆಂಟು ತಿಂದು ಮುಗಿದ ಮೇಲೆ ಅಳು ಬಂತು, ಅಷ್ಟೇ.

ಸಂಜೆ ನನ್ನ ಗೆಳತಿ ಓಡಿ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಆಕೆ ನಮ್ಮ ಎದುರುಮನೆಯವಳು, ಒಂದನೇ ಇಯತ್ತೆಯಿಂದ ನನ್ನ ಪಾಟೀಚೀಲ ಹೊತ್ತವಳು. ಕಣ್ಣು ದೊಡ್ಡದು ಮಾಡಿ ಹೇಳಿದಳು: "ನೂರು ಚಿಗರಿ ಇದ್ವು. ಗಂಡು ಕರ್ರಗ, ಕೊಂಬು ಹುರಿ ಹಾಕಿದ ಹಗ್ಗದ ಹಾಂಗ. ಜಿಗಿದ್ವು ಅಂದ್ರ ನಮ್ಮ ಸಾಲಿ ಮಾಳಿಗಿ ದಾಟತಾವ." ನಾನು ಬಾಯಿ ತೆರೆದು ಕೇಳಿದೆ. ಆಮೇಲೆ ನಲವತ್ತು ವರ್ಷ ಚಿಗರಿ ಅಂದರೆ ನನಗೆ ಅದೇ ನೂರು ಚಿಗರಿ, ನಮ್ಮ ಸಾಲಿ ಮಾಳಿಗಿ.

ನನಗೆ ಎರಡು ವರ್ಷವಿದ್ದಾಗ ಪೋಲಿಯೊ ಆಯಿತು. ಎರಡೂ ಕಾಲಿಗೆ ಬಲವಿಲ್ಲ. ಮೊದಲು ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಬಗಲಲ್ಲಿ ಬಡಿಗೆ ಹಿಡಿದು ಓಡಾಡುತ್ತಿದ್ದೆ. ಭುಜಗಳು ಸವೆದುಹೋದ ಮೇಲೆ, ಈಗ ನಾಲ್ಕು ವರ್ಷದಿಂದ ಗಾಲಿಕುರ್ಚಿ. ಬ್ಯಾಡಗಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಮಶೀನಿನ ಮೋಟಾರಿಗೆ ಕಾಲಿನಿಂದ ಒತ್ತುವ ಗುಂಡಿಯಿರುತ್ತದಲ್ಲ, ಅದನ್ನು ಟೇಬಲ್ ಮೇಲಿಟ್ಟುಕೊಂಡು ಎಡ ಮೊಣಕೈಯಿಂದ ಒತ್ತುತ್ತೇನೆ. ಹೊಸದಾಗಿ ಬಂದ ಗಿರಾಕಿಗಳು ಬ್ಲೌಸಿನ ಅಳತೆ ಕೊಡುವುದನ್ನು ಮರೆತು ನನ್ನ ಮೊಣಕೈಯನ್ನೇ ನೋಡುತ್ತ ನಿಲ್ಲುತ್ತಾರೆ.

ಕಳೆದ ಸಂಕ್ರಾಂತಿಗೆ ಮೆಣಸಿನಕಾಯಿ ಮಾರುಕಟ್ಟೆಗೆ ರಜೆ, ನನ್ನ ಮಶೀನಿಗೂ ರಜೆ. ಗೆಳತಿ ಕುಸರೆಳ್ಳು ಕೊಡಲು ಬಂದಳು. ಅವಳು ಮದುವೆಯಾಗಿ ಎರಡು ಓಣಿ ಆಚೆ ಹೋದವಳು, ಈಗ ಅಜ್ಜಿ, ನನಗಿಂತ ಎರಡು ಪಟ್ಟು ದಪ್ಪ. ನನ್ನ ಅಣ್ಣ ಹೊರಗೆ ಗಾಡಿ ತೊಳೆಯುತ್ತಿದ್ದ. ಅವನದು ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವ ನಾಲ್ಕು ಚಕ್ರದ ಗೂಡ್ಸ್ ಗಾಡಿ. ನಾವು ಅಣ್ಣ ತಂಗಿ ಇಬ್ಬರೇ ಇದ್ದಾಗ ಉರ್ದು, ಗೆಳತಿ ಬಂದಳೆಂದರೆ ಕನ್ನಡ.

"ರಜಾ ಐತಿ, ಎಲ್ಲೆರ ಹೋಗೂಣೇನ?" ಎಂದಳು ಗೆಳತಿ, ಮಾತಿಗೆ.

"ನಂಗ ಚಿಗರಿ ನೋಡಬೇಕು" ಎಂದೆ ನಾನು. ಎಲ್ಲಿಂದ ಬಂತೋ ಆ ಮಾತು, ನನಗೇ ಗೊತ್ತಿಲ್ಲ.

ಗೆಳತಿ ಕುಸರೆಳ್ಳಿನ ಪೊಟ್ಟಣ ಮತ್ತೆ ಕಟ್ಟತೊಡಗಿದಳು. "ಈಗೆಲ್ಲಿ ಚಿಗರಿ ತಗೀ. ಎಲ್ಲಾ ಓಡಿಹೋಗಿರ್ತಾವ. ಕಾಗಿನೆಲೆಗೆ ಹೋಗೂಣು, ಸಮೀಪ ಆಗ್ತದ."

"ಕಾಗಿನೆಲೆ ನೋಡೇನಿ."

ಅಣ್ಣ ಬಕೆಟ್ ಕೆಳಗಿಟ್ಟ. "ಗಾಡಿ ಖಾಲಿ ಐತಿ" ಎಂದ. ಅವನು ಹೆಚ್ಚು ಮಾತಾಡುವವನಲ್ಲ. ಅವನ ಬಾಯಲ್ಲಿ ಅದು ಇಡೀ ಭಾಷಣ.

ಅರ್ಧ ಗಂಟೆಯಲ್ಲಿ ಗೆಳತಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಲೆ, ಮೊಸರು ಕಟ್ಟಿಕೊಂಡು ಬಂದಳು. ನಾನು ಸಕ್ಕರೆ ಹಾಕಿದ ಶಾವಿಗೆ ಡಬ್ಬಿಗೆ ತುಂಬಿದೆ. ಅಣ್ಣ ಚೀಲ ಹತ್ತಿಸುವ ಉದ್ದನೆಯ ಹಲಗೆಯನ್ನು ಗಾಡಿಗೆ ಆನಿಸಿ, ನನ್ನನ್ನು ಕುರ್ಚಿ ಸಮೇತ ಹಿಂದುಮುಂದಾಗಿ ಎಳೆದುಕೊಂಡು ಹತ್ತಿದ. ಗೆಳತಿ ಕೆಳಗಿನಿಂದ ನೂಕಿದಳು. ಅರ್ಧಕ್ಕೆ ಅವಳಿಗೆ ನಗು ಬಂತು, ನಗು ಬಂದರೆ ಅವಳಿಗೆ ಕೈಯಲ್ಲಿ ಶಕ್ತಿ ಇರುವುದಿಲ್ಲ. ನಾನು ಹಲಗೆಯ ನಡುವೆ ಆಕಾಶ ನೋಡುತ್ತ ಸಿಕ್ಕಿಕೊಂಡೆ. "ನಗಬ್ಯಾಡ್ರಿ ಅಕ್ಕಾರ, ಲೋಡ್ ಜಾರ್ತದ" ಎಂದ ಅಣ್ಣ. ಅದಕ್ಕೆ ನನಗೂ ನಗು ಬಂತು. ಕಡೆಗೆ ಅವನೊಬ್ಬನೇ ಎಳೆದು ಹಾಕಿದ. ನಾಲ್ಕೂ ಗಾಲಿಗೆ ಹಗ್ಗ ಬಿಗಿದು, ಗಂಟು ಜಗ್ಗಿ ನೋಡಿ, ಚೀಲಗಳಿಗೆ ಮಾಡುವ ಹಾಗೆ ಕುರ್ಚಿಯ ಬೆನ್ನಿಗೆ ಎರಡು ಸಲ ಫಟ್ ಫಟ್ ಎಂದು ಬಡಿದ. ಲೋಡ್ ಆಯಿತು ಎಂದರ್ಥ.

ಗೆಳತಿ ಮುಂದೆ ಕೂರಲು ಒಪ್ಪಲಿಲ್ಲ. ನನ್ನ ಪಕ್ಕದಲ್ಲಿ ಕೌದಿ ಮಡಿಚಿ ಹಾಕಿಕೊಂಡು, ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದು ಕೂತಳು.

ಬ್ಯಾಡಗಿ ದಾಟುವವರೆಗೆ ನಾಚಿಕೆಯಾಗುತ್ತಿತ್ತು, ಎಲ್ಲರೂ ಗುರುತಿನವರು. ಊರು ದಾಟಿದ ಮೇಲೆ ನಾಚಿಕೆಯೂ ಹಿಂದೆ ಉಳಿಯಿತು. ಇಷ್ಟು ಎತ್ತರದಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಬಸ್ಸಿನಲ್ಲಿ ನನ್ನನ್ನು ಎತ್ತಿ ಮೊದಲ ಸೀಟಿಗೆ ಹಾಕುತ್ತಾರೆ, ಅಲ್ಲಿಂದ ಕಾಣುವುದು ಕಂಡಕ್ಟರನ ಬೆನ್ನು. ಇಲ್ಲಿ ಎರಡೂ ಕಡೆ ಹೊಲ, ಬೇಲಿಯಾಚೆಯ ಬಾವಿ, ಮನೆಗಳ ಮಾಳಿಗೆಯ ಮೇಲೆ ಒಣಗಲು ಹಾಕಿದ ಸಂಡಿಗೆ ಎಲ್ಲ ಕಾಣುತ್ತಿತ್ತು. ಗಾಳಿ ಬಂದು ನನ್ನ ಸೆರಗನ್ನು ಗೆಳತಿಯ ಮುಖಕ್ಕೆ ಹೊಡೆಯುತ್ತಿತ್ತು.

ಹೆದ್ದಾರಿ ಬೇಡವೆಂದು ಅಣ್ಣ ಹಳ್ಳಿಯ ಹಾದಿ ಹಿಡಿದಿದ್ದ. ಒಂದು ಊರಿನ ಬಸ್ ನಿಲ್ದಾಣದ ಹತ್ತಿರ ಎಮ್ಮೆಗಳು ಅಡ್ಡ ಬಂದು ಗಾಡಿ ನಿಂತಿತು. ಅಲ್ಲಿ ಕೂತಿದ್ದ ಒಬ್ಬ ಅಜ್ಜ ಎದ್ದು ಬಂದು, ಕೊಡೆಯ ಕೆಳಗೆ ಕುರ್ಚಿಯಲ್ಲಿ ಕೂತ ನನ್ನನ್ನು ನೋಡಿ ಕೈ ಮುಗಿದ. "ಯಾವ ಪಕ್ಷದ್ದರಿ?" ಎಂದು ಗೆಳತಿಯನ್ನು ಕೇಳಿದ.

ನನಗೆ ತಕ್ಷಣ ತಿಳಿಯಲಿಲ್ಲ. ಗೆಳತಿಗೆ ತಿಳಿಯಿತು. "ಪಕ್ಷೇತರ ಅದಾರ್ರಿ" ಎಂದಳು, ಮುಖದಲ್ಲಿ ಒಂದು ಗೆರೆ ಅಲುಗಿಸದೆ.

"ಚಿಹ್ನೆ?"

"ಹೊಲಿಗಿ ಮಶೀನು."

ಅಜ್ಜ ತಲೆಯಾಡಿಸಿದ. ನನ್ನ ಕಡೆ ತಿರುಗಿ, "ಇಲ್ಲೆ ನೆರಳಿಲ್ಲರಿ ಅವ್ವಾರ. ಬಿಸಲಾಗ ಕುಂತು ಕುಂತು ತಲಿ ಸುಡತೈತಿ. ಒಂದು ತಗಡು ಹಾಕಿಸಿಕೊಡ್ರಿ" ಎಂದ.

ಅವನು ಅಷ್ಟು ನಂಬಿ ಕೇಳಿದ ಮೇಲೆ ಏನು ಹೇಳಲಿ? "ಆರಿಸಿ ಬಂದ್ರ ಮೊದಲ ಕೆಲಸ ಅದ ಮಾಡ್ತೇನಿ ಅಜ್ಜಾರ" ಎಂದೆ. ಗಾಡಿ ಹೊರಟಿತು. ನಾನು ಅಭ್ಯಾಸವಿದ್ದವಳಂತೆ ಎರಡೂ ಕೈ ಎತ್ತಿ ಮುಗಿದೆ. ಎಮ್ಮೆ ಕಾಯುತ್ತಿದ್ದ ಹೆಂಗಸೂ ಕೈ ಮುಗಿದಳು. ತಿರುವು ದಾಟಿದ ಮೇಲೆ ಗೆಳತಿ ಕೌದಿಯಲ್ಲಿ ಮುಖ ಹುದುಗಿಸಿ ನಕ್ಕಳು, ಕೊಡೆ ಮಗುಚಿ ಹೊಲಕ್ಕೆ ಹಾರಿ ಬಿತ್ತು. ಅಣ್ಣ ಗಾಡಿ ನಿಲ್ಲಿಸಿ ಅದನ್ನು ತರಲು ಜೋಳದ ಹೊಲದೊಳಗೆ ನಡೆದ. ಏನಾಯಿತೆಂದು ಅವನು ಕೇಳಲೂ ಇಲ್ಲ.

ರಾಣೆಬೆನ್ನೂರಿನಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದೆವು. ಅಂಗಡಿಯವನು ತಟ್ಟೆಯನ್ನು ಗಾಡಿಯ ಮೇಲಕ್ಕೇ ಕೊಟ್ಟ. ಅಲ್ಲಿಂದ ಮುಂದೆ ಹೊಲಗಳು ಕಮ್ಮಿಯಾಗಿ, ನೀಲಗಿರಿ ಮರ, ಜಾಲಿ, ಒಣಗಿದ ಹುಲ್ಲು ಶುರುವಾಯಿತು. ಅಭಯಾರಣ್ಯದ ಬಾಗಿಲಲ್ಲಿ ಖಾಕಿ ಅಂಗಿಯ ಗಾರ್ಡ್ ಒಬ್ಬ ಇದ್ದ, ಮೀಸೆ ಬೆಳ್ಳಗಾದವನು. ನಲವತ್ತು ವರ್ಷದಲ್ಲಿ ಎಷ್ಟೋ ಬಾಗಿಲಲ್ಲಿ ಎಷ್ಟೋ ಜನ ನನ್ನ ಕಾಲು ನೋಡಿ, ಆಮೇಲೆ ಮುಖ ನೋಡಿ, "ನಿಮಗ ತ್ರಾಸ ಆಗ್ತದರಿ" ಎಂದಿದ್ದಾರೆ. ಈತನೂ ನೋಡಿದ. ಗಾಡಿ ಸುತ್ತ ಒಂದು ಸುತ್ತು ಬಂದ. ಹಗ್ಗದ ಗಂಟು ಜಗ್ಗಿ ನೋಡಿದ.

"ಇಳಿಯಾಕ ಆಗೂದಿಲ್ಲರಿ ನಂಗ" ಎಂದು ನಾನೇ ಮೊದಲು ಹೇಳಿಬಿಟ್ಟೆ.

"ಇಳೀಬ್ಯಾಡ್ರಿ ಅಕ್ಕಾರ" ಎಂದ ಅವನು. "ಚಿಗರಿ ಗಾಡಿಗೆ ಅಂಜೂದಿಲ್ಲ. ಮನಶಾರ ಕಾಲು ಕಂಡ್ವು ಅಂದ್ರ ಓಡ್ತಾವ. ಬರೂ ಮಂದಿಗೆ ಎಷ್ಟ ಹೇಳಿದ್ರೂ ಕೇಳೂದಿಲ್ಲ, ಇಳದ ಬಿಡ್ತಾರ. ನಿಮ್ಮಂಥಾವ್ರು ದಿನಾ ಬಂದ್ರ ನನ್ನ ಕೆಲಸ ಹಗರ ಆಗ್ತದ."

ನಾನು ಗೆಳತಿಯ ಮುಖ ನೋಡಿದೆ. ಅವಳು ತನ್ನ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು.

ಗಾರ್ಡ್ ಅಣ್ಣನ ಪಕ್ಕ ಹತ್ತಿ ಕೂತು ಮಣ್ಣಿನ ದಾರಿಯಲ್ಲಿ ನಿಧಾನ ಕರೆದೊಯ್ದ. ಒಂದು ಕಡೆ ಎತ್ತರದ ಗೋಪುರ, ಮೆಟ್ಟಿಲು ಕಡಿದಾದವು. ಅದರ ಮೇಲಿಂದ ಪೂರ್ತಿ ಬಯಲು ಕಾಣುತ್ತದಂತೆ. "ನೀವಿಬ್ಬರೂ ಹೋಗಿ ಬರ್ರಿ" ಎಂದೆ ನಾನು. ಗೆಳತಿಗೆ ಮನಸ್ಸಿರಲಿಲ್ಲ, ನಾನೇ ಒತ್ತಾಯ ಮಾಡಿದೆ. ಅವಳು ಮೊಣಕಾಲು ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ತನ್ನ ಕುಲದೇವರನ್ನು ಕರೆಯುತ್ತ ಹತ್ತಿದಳು. ಅಣ್ಣ ಹಿಂದೆ, ಬಿದ್ದರೆ ಹಿಡಿಯಲು.

ನಾನು ಗಾಡಿಯ ಮೇಲೆ, ಗಾರ್ಡ್ ಕೆಳಗೆ ಗಾಡಿಯ ನೆರಳಲ್ಲಿ, ಕಾಲು ಮಡಚಿ ಕೂತು. ಇಂಜಿನ್ ಬಂದ್. ಹುಲ್ಲಿನ ಸದ್ದು ಮಾತ್ರ. ಆಗ ಎಡಗಡೆಯ ಜಾಲಿಯ ಸಂದಿಯಿಂದ ಒಂದು ಹೆಣ್ಣು ಚಿಗರಿ ಹೊರಬಂತು, ಗೋಧಿ ಬಣ್ಣದ್ದು. ಅದರ ಹಿಂದೆ ಮತ್ತೊಂದು, ಇನ್ನೊಂದು. ಹನ್ನೊಂದು ಎಣಿಸಿದೆ. ಕಡೆಗೆ ಗಂಡು. ಬೆನ್ನು ಕಪ್ಪು, ಹೊಟ್ಟೆ ಸುಣ್ಣ ಬಳಿದಂತೆ ಬಿಳಿ, ಕಣ್ಣಿನ ಸುತ್ತ ಬಿಳಿಯ ಉಂಗುರ. ಮೂಗು ಆಕಾಶಕ್ಕೆ ಎತ್ತಿ, ಕೊಂಬು ಬೆನ್ನಿಗೆ ತಾಗಿಸಿ, ಸಾಹೇಬನಂತೆ ನಡೆಯಿತು. ನನ್ನಿಂದ ಅದು ಇಪ್ಪತ್ತು ಮಾರು ದೂರ ಇರಬಹುದು. ದಾರಿ ದಾಟುವಾಗ ನಿಂತು ನನ್ನನ್ನು ನೋಡಿತು. ನಾನು ಉಸಿರು ಹಿಡಿದೆ. ಅದಕ್ಕೆ ನನ್ನಲ್ಲಿ ನೋಡುವಂಥದ್ದು ಏನೂ ಕಾಣಲಿಲ್ಲವೇನೋ, ಬಲಗಡೆಯ ಹುಲ್ಲಿನೊಳಗೆ ಹೊರಟುಹೋಯಿತು. ಗಾರ್ಡ್ ನನ್ನ ಕಡೆ ತಲೆ ಎತ್ತಿ ಹುಬ್ಬು ಕುಣಿಸಿದ.

ಗೆಳತಿ ಇಳಿದು ಬಂದಾಗ ಮುಖ ಕೆಂಪಗಾಗಿತ್ತು. ನೀರು ಕುಡಿದು, "ಒಂದೂ ಇಲ್ಲ. ಬರೀ ಗಿಡ" ಎಂದಳು.

"ಇಲ್ಲೆ ಹನ್ನೆರಡು ಹೋದ್ವು, ಈ ದಾರಿ ದಾಟಿ. ಗಂಡು ನನ್ನ ಮುಖಾ ನೋಡ್ತು" ಎಂದೆ.

"ಸುಳ್ಳ ಹೇಳಬ್ಯಾಡ."

"ನಾ ಯಾಕ ಸುಳ್ಳ ಹೇಳ್ಲಿ? ಬೇಕಾದ್ರ ಇವರನ್ನ ಕೇಳು."

ಗಾರ್ಡ್ ಹೌದೆಂದ. ಗೆಳತಿ ಹಲಗೆ ಹಿಡಿದು ಮೇಲೆ ಹತ್ತಿ ಕೌದಿಯ ಮೇಲೆ ಕೂತಳು. ಗಾಡಿ ಮತ್ತೆ ಹೊರಟಿತು. ಮುಂದೆ ಕೂತವರಿಗೆ ಕೇಳದಂತೆ ಸಣ್ಣ ದನಿಯಲ್ಲಿ, "ನಿಂಗೊಂದು ಮಾತು ಹೇಳ್ಬೇಕು, ಸಿಟ್ಟಾಗಬ್ಯಾಡ" ಎಂದಳು.

"ಏನು?"

"ಆವತ್ತು ಸಾಲ್ಯಾಗಿಂದ ಬಂದಾಗ ನಾವು ಚಿಗರಿ ನೋಡಿಲ್ಲ."

"ಎಷ್ಟು ನೋಡಿಲ್ಲ?"

"ಒಂದೂ ನೋಡಿಲ್ಲ. ನಲವತ್ತು ಹುಡುಗ್ರು ಒದರಾಡಿಕೋತ ಹೊಂಟ್ರ ಯಾವ ಚಿಗರಿ ನಿಂದರ್ತದ? ಒಂದು ಮೊಲ ಕಂಡ್ತು. ಅದೂ ಹಿಂದಿನ ಭಾಗ ಅಷ್ಟ."

"ಮತ್ತ ನೂರು ಚಿಗರಿ?"

"ಸಾಲಿ ಗ್ವಾಡಿ ಮ್ಯಾಲೆ ಚಿತ್ರ ಇತ್ತಲ್ಲ, ಅದನ್ನ ನೋಡಿ ಹೇಳಿದೆ. ನೀ ಕಟ್ಟಿ ಮ್ಯಾಲೆ ಅಳಕೋತ ಕುಂತಿದ್ದಿ. ಮೊಲದ ಹಿಂದಿನ ಭಾಗ ನೋಡಿ ಬಂದ್ವಿ ಅಂತ ಹ್ಯಾಂಗ ಹೇಳ್ಲಿ?"

ನಾನು ಅವಳನ್ನು ನೋಡಿದೆ. ಅವಳ ಕಣ್ಣಲ್ಲಿ ನೀರಿತ್ತು. ಐವತ್ತು ದಾಟಿದ ಹೆಂಗಸು, ಎರಡು ಮೊಮ್ಮಕ್ಕಳ ಅಜ್ಜಿ, ಒಂದು ಸುಳ್ಳಿಗೆ ನಲವತ್ತು ವರ್ಷ ಅಂಜಿಕೊಂಡು ಕೂತಿದ್ದಾಳೆ. ಬೆಳಿಗ್ಗೆ ಕಾಗಿನೆಲೆಗೆ ಹೋಗೋಣ ಅಂದದ್ದು ಯಾಕೆಂದು ಆಗ ಹೊಳೆಯಿತು. ನನಗೆ ಸಿಟ್ಟು ಬರಬೇಕಿತ್ತೇನೋ. ಬಂದದ್ದು ನಗು. ಮೊದಲು ಹೊಟ್ಟೆಯಲ್ಲಿ ಕುಲುಕಿತು, ಆಮೇಲೆ ಭುಜಕ್ಕೆ ಬಂತು, ಕುರ್ಚಿಯೇ ಅಲುಗಾಡತೊಡಗಿತು. ಆ ಇಡೀ ಐದನೇ ಇಯತ್ತೆ ಮೊಲದ ಹಿಂದೆ ಓಡಿದ್ದನ್ನು ನೆನೆದು ಉಸಿರು ಸಿಗದಾಯಿತು. ಇಷ್ಟು ವರ್ಷ ನಾನು ಕಳೆದುಕೊಂಡೆ ಎಂದು ದುಃಖಪಟ್ಟದ್ದು ಒಂದು ಮೊಲದ ಬಾಲ. ಗೆಳತಿ ಒಂದು ಕ್ಷಣ ನನ್ನನ್ನೇ ನೋಡಿ, ಮೂಗು ಒರೆಸಿಕೊಂಡು, ಅವಳೂ ಶುರು ಮಾಡಿದಳು.

ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ, "ಸುಮ್ನಿರ್ರಿ, ಮುಂದ ಅದಾವ" ಎಂದು ಪಿಸುಗುಟ್ಟಿದ.

ನಿಜವಾಗಿ ಇದ್ದವು. ಮರಗಳು ಮುಗಿದು ದೊಡ್ಡ ಬಯಲು ತೆರೆದಿತ್ತು. ಅಲ್ಲಿ ಐವತ್ತೋ ಅರವತ್ತೋ ಚಿಗರಿ ತಲೆ ತಗ್ಗಿಸಿ ಮೇಯುತ್ತಿದ್ದವು. ಮರಿಗಳು ತಾಯಿಯ ಹೊಟ್ಟೆಯಡಿ ನುಸುಳುತ್ತಿದ್ದವು. ಎರಡು ಗಂಡು ಕೊಂಬಿಗೆ ಕೊಂಬು ಹಚ್ಚಿ, ಜಗಳವೋ ಸಲಿಗೆಯೋ ತಿಳಿಯದಂತೆ ನೂಕಾಡುತ್ತಿದ್ದವು. ಇಂಜಿನ್ ನಿಂತಿತು. ಗೆಳತಿ ಬಾಯಿಗೆ ಸೆರಗು ತುರುಕಿಕೊಂಡಳು. ನಾನು ತುಟಿ ಕಚ್ಚಿ ಹಿಡಿದೆ. ಹಾಗೆಯೇ ಕಾಲು ಗಂಟೆ ನಾವು ಯಾರೂ ಅಲುಗಲಿಲ್ಲ.

ಆಗ ಗಾಳಿ ತಿರುಗಿತು. ಗಾಡಿಯ ಮೂಲೆಯಲ್ಲಿ ಮಡಿಚಿಟ್ಟ, ಚೀಲಗಳಿಗೆ ಹೊದಿಸುವ ತಾಡಪತ್ರಿಯ ಅಂಚು ಪಟಪಟನೆ ಬಡಿದು, ಅದರ ಮಡಿಕೆಯೊಳಗಿನ ಮೆಣಸಿನಕಾಯಿ ದೂಳೆಲ್ಲ ಎದ್ದಿತು. ಅಣ್ಣ ಗಾಡಿ ತೊಳೆದಿದ್ದ, ತಾಡಪತ್ರಿ ಜಾಡಿಸಿರಲಿಲ್ಲ. ಬ್ಯಾಡಗಿಯವರಾದ ನಮಗೆ ಆ ದೂಳು ಅಭ್ಯಾಸ, ನಮಗೇನೂ ಆಗಲಿಲ್ಲ. ಅದು ನೇರ ಗಾರ್ಡ್‌ನ ಕಿಟಕಿಗೆ ಹೋಯಿತು. ಅವನು ಮೂಗು ಹಿಡಿದುಕೊಂಡದ್ದು ಕಂಡಿತು. ಭುಜ ಮೇಲೆದ್ದದ್ದು ಕಂಡಿತು. ಆಮೇಲೆ ಸೀನಿದ, ಅಂಥ ಸೀನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಅರವತ್ತು ತಲೆ ಒಟ್ಟಿಗೆ ಮೇಲೆದ್ದವು. ಒಂದು ಗಳಿಗೆ ಎಲ್ಲ ನಿಂತಿತು. ಅವನು ಎರಡನೆಯದು ಸೀನಿದ. ಹಿಂಡು ಎದ್ದಿತು.

ಎದ್ದಿತು ಅಂದರೆ ಓಡಲಿಲ್ಲ, ಪುಟಿಯಿತು. ಒಂದೊಂದೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು ಮೇಲೇರಿ, ಗಾಳಿಯಲ್ಲಿ ಸ್ವಲ್ಪ ಹೊತ್ತು ಅಲ್ಲೇ ಕೂತಂತೆ ನಿಂತು, ಇಳಿದು, ಮತ್ತೆ ಏರಿತು. ಒಂದು ಇಳಿಯುವಾಗ ಇನ್ನೊಂದು ಮೇಲೆ. ಬಯಲೇ ಕುದಿಯುವ ಹಾಲಿನಂತೆ ಉಕ್ಕಿತು. ನಮ್ಮ ಗಾಡಿಯ ಮುಂದೆಯೇ ಅಡ್ಡ ದಾಟಿ ಹೋದವು, ಗೊರಸಿನ ಸದ್ದು ಕುರ್ಚಿಯ ಗಾಲಿಯಿಂದ ನನ್ನ ಬೆನ್ನಿಗೆ ಬಂತು. ನನಗೆ ಗೊತ್ತಿಲ್ಲದೆ ನಾನು ಕುರ್ಚಿಯ ಕೈ ಹಿಡಿದು, ಪ್ರತಿ ಜಿಗಿತಕ್ಕೂ ಮೈ ಎತ್ತಿ ಎತ್ತಿ ಕೂರುತ್ತಿದ್ದೆ. ಗೆಳತಿ ಆಮೇಲೆ ಹೇಳಿದ್ದು ಇದು. "ನೀನೂ ಅವುಗಳ ಜೋಡಿ ಹೊಂಟಿ ಅಂತ ಮಾಡಿದ್ದೆ" ಎಂದಳು.

ದೂಳು ಇಳಿದ ಮೇಲೆ ಗಾರ್ಡ್ ಕೆಳಗಿಳಿದು ಕಣ್ಣು ಒರೆಸಿಕೊಂಡ. ಬಯ್ಯುತ್ತಾನೆಂದು ಅಣ್ಣ ತಲೆ ತಗ್ಗಿಸಿ ನಿಂತ. "ಇಪ್ಪತ್ತೆಂಟು ವರ್ಷ ಮಂದಿಗೆ ಸದ್ದ ಮಾಡಬ್ಯಾಡ್ರಿ ಅಂತ ಹೇಳಕೋತ ಬಂದೇನಿ" ಎಂದ ಗಾರ್ಡ್, ಮೂಗು ಸೊರಸೊರ ಎನ್ನುತ್ತಿತ್ತು, "ಇವತ್ತು ನಾನ ಓಡಿಸಿದೆ. ಯಾರ ಮುಂದೂ ಹೇಳಬ್ಯಾಡ್ರಿ."

ನಾವು ಹೇಳುವುದಿಲ್ಲವೆಂದೆವು. ರೊಟ್ಟಿ ಬಿಚ್ಚಿದೆವು. ಅವನೂ ನಮ್ಮ ಜೊತೆ ಉಂಡ, ಶಾವಿಗೆಯನ್ನು ಎರಡು ಸಲ ಹಾಕಿಸಿಕೊಂಡ.

ಹೊರಗೆ ಬಂದಾಗ ಇನ್ನೂ ಮೂರು ಗಂಟೆ. ಅಣ್ಣ ಮನೆಯ ದಾರಿಗೆ ಗಾಡಿ ತಿರುಗಿಸಿದ. ನನ್ನ ಮೈಯಲ್ಲಿ ಆ ಜಿಗಿತ ಇನ್ನೂ ನಿಂತಿರಲಿಲ್ಲ. "ಭಾಯಿ, ಗುತ್ತಲದ ಕಡೆ ಹೊಳಿಗೆ ಹೋಗೂಣು" ಎಂದು ಮೇಲಿಂದ ಕೂಗಿದೆ. "ಇವತ್ತು ಸಂಕ್ರಾಂತಿ ಜಳಕಕ್ಕ ಎಲ್ಲಾರೂ ಹೊಳ್ಯಾಗ ಇರ್ತಾರ." ಗೆಳತಿ ಸೊಸೆಗೆ ಫೋನ್ ಹಚ್ಚಿ, ತಡವಾಗ್ತದ, ಅಡಿಗಿ ನೀನ ಮಾಡು, ಯಾಕಂತ ಕೇಳಬ್ಯಾಡ ಎಂದು ಹೇಳಿ ಇಟ್ಟಳು.

ತುಂಗಭದ್ರೆಯ ದಂಡೆಯಲ್ಲಿ ಜನವೋ ಜನ. ಮಿಂದು, ಉಂಡು, ಮರಳಿನಲ್ಲಿ ಅಡ್ಡಾದವರು. ಗಾಲಿಕುರ್ಚಿ ಮರಳಲ್ಲಿ ಹೂತುಹೋಗುತ್ತದೆ. ಅಣ್ಣ ನನ್ನ ಮುಂದೆ ಬೆನ್ನು ಬಗ್ಗಿಸಿ ಕೂತ. ಚಿಕ್ಕವಳಿದ್ದಾಗ ಶಾಲೆಗೆ ಹೊತ್ತೊಯ್ಯುತ್ತಿದ್ದ, ಆಮೇಲೆ ನಾನೇ ನಾಚಿ ಬೇಡವೆಂದಿದ್ದೆ. ಈಗ ಅವನಿಗೆ ಅರವತ್ತು ಹತ್ತಿರ. "ನಿನ್ನ ಬೆನ್ನು?" ಎಂದೆ. "ದಿನಾ ನಲವತ್ತು ಕಿಲೋದ ಚೀಲ ಹೊರ್ತೇನಿ. ನೀ ಏನು ಭಾಳ?" ಎಂದ. ನಾನು ಎಷ್ಟು ಕಿಲೋ ಎಂದು ಇಬ್ಬರೂ ಹೇಳಲಿಲ್ಲ.

ನೀರಂಚಿನ ಒಂದು ಚಪ್ಪಟೆ ಬಂಡೆಯ ಮೇಲೆ ನನ್ನನ್ನು ಕೂರಿಸಿದ. ಗೆಳತಿ ನನ್ನ ಕಾಲುಗಳನ್ನು ಒಂದೊಂದಾಗಿ ಎತ್ತಿ ಹೊಳೆಯಲ್ಲಿ ಇಳಿಬಿಟ್ಟಳು. ನನ್ನ ಕಾಲಿಗೆ ಬಲವಿಲ್ಲವೆಂದರೆ ಜನ ಅದಕ್ಕೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಚಳಿ, ಬಿಸಿ, ಇರುವೆ ಕಚ್ಚಿದ್ದು ಎಲ್ಲ ತಿಳಿಯುತ್ತದೆ, ಸರಿಸಿಕೊಳ್ಳಲು ಆಗುವುದಿಲ್ಲ ಅಷ್ಟೇ. ನೀರು ತಣ್ಣಗೆ ಮೊಣಕಾಲಿನವರೆಗೆ ಏರಿತು. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಮೀನು ಬಂದವು. ಗೆಳತಿಯ ಕಾಲು, ಅಣ್ಣನ ಕಾಲು ಅಲುಗಿದ ಕೂಡಲೇ ಚದುರಿ ಹೋದವು. ನನ್ನವು ಅಲುಗುವ ಕಾಲಲ್ಲ. ಹೊಳೆಯ ಮೀನೆಲ್ಲ ಅಲ್ಲಿಗೇ ಸೇರಿದವು. ಹೆಬ್ಬೆರಳು, ಹಿಮ್ಮಡಿ, ಬೆರಳ ಸಂದಿ, ಎಲ್ಲ ಕಡೆ ಕಚಗುಳಿ. ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಾನು ಗೆಳತಿಯ ತೋಳು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತ, "ತಗೀ, ಕಾಲು ತಗೀ" ಎಂದೆ.

ಅವಳು ಬಗ್ಗಿ ನನ್ನ ಕಾಲಿಗೆ ಕೈ ಹಾಕಿದಳು.

"ಬ್ಯಾಡ ತಡೀ" ಎಂದೆ. "ಇನ್ನೊಂದೀಟು ಇರ್ಲಿ."